ಎಡಗಡೆಯ ನದಿ

ಟಕ್.

ಒಣಗಿದ ಮರಕ್ಕೆ ಒಣಗಿದ ಮರ ಬಡಿದ ಸದ್ದು. ದೊಡ್ಡದೇನೂ ಅಲ್ಲ, ಪಕ್ಕದ ಮನೆಯವರು ಕಿಟಕಿಗೆ ಚಿಲಕ ಹಾಕಿಕೊಂಡಷ್ಟು. ಆದರೆ ಆ ಸದ್ದಿಗೆ ನಮ್ಮ ಇಡೀ ಕ್ಲಾಸು ಎತ್ತಿದ ಕಾಲನ್ನು ಇಳಿಸದೆ ನಿಂತುಬಿಡುತ್ತಿತ್ತು. ಈಗಿನವರು ನೋಡಿರಲಾರರು. ಎರಡು ಮರದ ಹಲಗೆಗಳನ್ನು ಪುಸ್ತಕದ ರಟ್ಟಿನ ಹಾಗೆ ಚರ್ಮದ ಪಟ್ಟಿಯಿಂದ ಜೋಡಿಸಿದ ಒಂದು ಸಾಮಾನು, ಕ್ಲ್ಯಾಪರ್ ಎನ್ನುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ಅದನ್ನು ತಮ್ಮ ಅಗಲವಾದ ತೋಳಿನೊಳಗೆ ಅಡಗಿಸಿಟ್ಟುಕೊಂಡಿರುತ್ತಿದ್ದರು. ಬಾಯಿ ಬಿಟ್ಟು ಕೂಗುವುದು ಲೇಡಿಲೈಕ್ ಅಲ್ಲವಲ್ಲ! ಒಂದು ಟಕ್ ಎಂದರೆ ನಿಲ್ಲು. ಎರಡು ಟಕ್ ಎಂದರೆ ಹಿಂದಕ್ಕೆ ತಿರುಗಿ ಕ್ಲಾಸಿಗೆ ನಡೆ.

ಮೊನ್ನೆ ಬೆಳಗ್ಗೆ ಐರ್ಲೆಂಡಿನಲ್ಲಿ, ಡಬ್ಲಿನ್ ಪಕ್ಕದ ಲೂಕನ್‌ನ ನಮ್ಮ ಮನೆಯಲ್ಲಿ ಮೊಮ್ಮಗಳು ನಿಧಿ ತನ್ನ ಲಂಚ್‌ಬಾಕ್ಸಿನ ಕ್ಲಿಪ್ ಅದುಮಿದಳು. ಟಕ್. ನಾನು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಅಜ್ಜಿ, ಯುವರ್ ದೋಸಾ ಈಸ್ ಬರ್ನಿಂಗ್!"

ಸೀದೇ ಹೋಯಿತು. ಅದನ್ನು ನಾನೇ ತಿಂದೆ. ತಿನ್ನುತ್ತಾ ಕೂತಾಗ ಇದನ್ನೆಲ್ಲ ನಿಮಗೆ ಹೇಳಬೇಕೆನ್ನಿಸಿತು.

ನಮ್ಮದು ಕೋಲಾರದ ಚಿನ್ನದ ಗಣಿಯ ಊರು. ಅಪ್ಪ ಗಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದರು. ಊರಲ್ಲಿ ಚಿನ್ನ ಇತ್ತು, ನದಿ ಇರಲಿಲ್ಲ. ನೀರು ಬೇತಮಂಗಲದ ಕೆರೆಯಿಂದ ಪೈಪಿನಲ್ಲಿ ಬರುತ್ತಿತ್ತು. ನಮಗೆ ಬೆಟ್ಟ ಎಂದರೆ ಅದಿರು ಅರೆದು ಚೆಲ್ಲಿದ ಸೈನೈಡ್ ದಿಬ್ಬ. ಬೇಸಿಗೆಯ ಗಾಳಿಗೆ ಆ ಬೂದುಬಣ್ಣದ ಪುಡಿ ಹಾರಿ ಬಂದು ಅನ್ನದ ತಟ್ಟೆಯಲ್ಲೂ ಕೂರುತ್ತಿತ್ತು. ಅಂಥ ಊರಿನ ನಮ್ಮಂಥ ಹುಡುಗಿಯರಿಗೆ ಮೊದಲ ನದಿಯನ್ನು ತೋರಿಸಿದವರು ಸಿಸ್ಟರ್ ಕೊಲಂಬಾ. ಎತ್ತರದ ಆಳು, ನೆಟ್ಟಗಿನ ನಡಿಗೆ. ನಾವು ಬೆನ್ನ ಹಿಂದೆ ಕಂಬ ಸಿಸ್ಟರ್ ಎನ್ನುತ್ತಿದ್ದೆವು. ಆಗ ಅವರಿಗೆ ಇಪ್ಪತ್ತೈದೂ ಆಗಿರಲಿಲ್ಲವೆಂದು ಈಗ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಆಗ ನಮ್ಮ ಕಣ್ಣಿಗೆ ಅವರು ಚರ್ಚಿನ ಗೋಡೆಯಷ್ಟೇ ಹಳಬರು.

ಶುಕ್ರವಾರದ ಕೊನೆಯ ಪೀರಿಯಡ್ಡು ಮಾರಲ್ ಸೈನ್ಸ್. ಹಿಂದೂ ಹುಡುಗಿಯರಿಗೆ ಕ್ಯಾಟೆಕಿಸಮ್ ಎಂಬ ಕ್ರೈಸ್ತಧರ್ಮದ ಪಾಠ ಇರಲಿಲ್ಲ, ಅದರ ಬದಲು ಸುಳ್ಳು ಹೇಳಬಾರದು, ಉಗುರು ಕಚ್ಚಬಾರದು ಎಂಬ ಪಾಠ. ಅದು ಬೇಗ ಮುಗಿದುಬಿಡುತ್ತಿತ್ತು. ಆಮೇಲೆ ಸಿಸ್ಟರ್ ಕೊಲಂಬಾ ನಮ್ಮನ್ನು ಕೆಂಪು ಗಾರೆಯ ಉದ್ದನೆಯ ವರಾಂಡಕ್ಕೆ ಕರೆತಂದು ಇಬ್ಬಿಬ್ಬರಾಗಿ ಕೈಹಿಡಿಸಿ ನಿಲ್ಲಿಸುತ್ತಿದ್ದರು. ಇದಕ್ಕೆ ಕ್ರೊಕಡೈಲ್ ಅಂತ ಹೆಸರು. ನನ್ನ ಪಾರ್ಟ್‌ನರ್ ಗ್ಲೋರಿಯಾ; ಅವಳ ಅಂಗೈ ಯಾವಾಗಲೂ ಬೆವರುತ್ತಿತ್ತು, ನಾನು ಗೊಣಗುತ್ತಲೇ ಹಿಡಿಯುತ್ತಿದ್ದೆ. ಸಿಸ್ಟರ್ ನೀಲಿ ಸೀಮೆಸುಣ್ಣ ತೆಗೆದು ವರಾಂಡದ ಅಂಚಿನುದ್ದಕ್ಕೂ ಒಂದು ಗೆರೆ ಎಳೆಯುತ್ತಿದ್ದರು.

"ಗರ್ಲ್ಸ್, ದಿಸ್ ಈಸ್ ದಿ ಟೇ. ಯಾರೂ ಒಳಗೆ ಬೀಳಬಾರ್ದು. ನೀರು ತುಂಬಾ ಕೋಲ್ಡು."

ಅವರ ಕನ್ನಡ ಆಯಾ ಅಂತೋಣಿಯಮ್ಮನಿಂದ ಕಲಿತದ್ದು. ಟೇ ಎನ್ನುವುದು ಸ್ಕಾಟ್ಲೆಂಡಿನ ನದಿ. ಅದರ ದಡದಲ್ಲಿರುವ ಪರ್ತ್ ಅವರ ಊರು. ಸಿಸ್ಟರ್ ನಮ್ಮ ಕಡೆ ಮುಖ ಮಾಡಿ, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಾ ನಮ್ಮನ್ನು ಆ ಊರಿನಲ್ಲಿ ನಡೆಸುತ್ತಿದ್ದರು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಇಲ್ಲಿ ಸೇತುವೆ, ಪ್ರವಾಹ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತೆಂದು ಅದರ ಕಲ್ಲಿನಲ್ಲಿ ಗೀಟು ಕೊರೆದಿದ್ದಾರೆ. ಇಲ್ಲಿ ಹೈ ಸ್ಟ್ರೀಟ್. ಇಲ್ಲಿ ಮೀನಿನಂಗಡಿ, ಮೂಗು ಮುಚ್ಚಿಕೊಳ್ಳಿ. ನಾವೆಲ್ಲ ಶಿಸ್ತಾಗಿ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಇಲ್ಲಿ ವಾಟರ್‌ಗೇಟ್ ಎಂಬ ಬೀದಿ. ಇಲ್ಲಿ ಒಂದು ಸಂದಿ. ಅಲ್ಲಿಯವರು ಸಂದಿಗೆ ವೆನಲ್ ಎನ್ನುತ್ತಾರೆ. ಎಷ್ಟು ಇರುಕು ಎಂದರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು.

ಆ ಸಂದಿಯ ಬಾಯಿಗೆ ಬಂದ ಕೂಡಲೇ ಟಕ್, ಟಕ್. ಹಿಂದಕ್ಕೆ ತಿರುಗು.

ಪ್ರತಿ ವಾರವೂ ಅಲ್ಲಿಗೇ. ಸಂದಿಯೊಳಗೆ ಏನಿದೆಯೆಂದು ನಮಗೆ ಯಾವತ್ತೂ ಹೇಳಲಿಲ್ಲ. ಪೀರಿಯಡ್ ಮುಗಿಯಿತೇನೋ ಎಂದುಕೊಳ್ಳುತ್ತಿದ್ದೆವು. ಒಂದು ಶುಕ್ರವಾರ ಮಾತ್ರ ಸಂದಿಯ ಬಾಯಲ್ಲಿ ನಿಂತೇ ಇದ್ದೆವು. ಕ್ಲ್ಯಾಪರ್ ಸದ್ದು ಬರಲಿಲ್ಲ. ಸಿಸ್ಟರ್ ವರಾಂಡದ ಕೊನೆಯ ಗೋಡೆಯನ್ನು ನೋಡುತ್ತಿದ್ದರು. ಗ್ಲೋರಿಯಾಳ ಕೈ ನನ್ನ ಕೈಯಲ್ಲಿ ನೀರಾಗಿಹೋಯಿತು. ಗಣಿಯ ಶಿಫ್ಟಿನ ಹೂಟರ್ ಕೂಗಿತು, ನಿಂತಿತು. ಆಮೇಲೆ ಬಹಳ ಮೆಲ್ಲಗೆ, ಟಕ್, ಟಕ್. ಸ್ಟೆಲ್ಲಾ ಎಂಬ ತುಂಟಿ ಹಿಂದಿನಿಂದ "ಕಂಬಕ್ಕೆ ನಿದ್ದೆ ಬಂದಿತ್ತು ಕಣೇ" ಎಂದಳು. ನಾವು ನಕ್ಕೆವು.

ಇದೆಲ್ಲ ಮರೆತೇಹೋಗಿತ್ತು. ಮದುವೆ, ಮಕ್ಕಳು, ಯಜಮಾನರ ಕಾಯಿಲೆ, ಆಮೇಲೆ ಒಬ್ಬಂಟಿಯಾದ ನನ್ನನ್ನು ಮಗಳು ಮಾಲಿನಿ ಇಲ್ಲಿಗೆ ಕರೆಸಿಕೊಂಡದ್ದು. ಮಾಲಿನಿ ಡಬ್ಲಿನ್‌ನ ಆಸ್ಪತ್ರೆಯಲ್ಲಿ ಡಾಕ್ಟರು. ಒಂದು ಸಂಜೆ ಕೋಟು ಕೂಡ ಬಿಚ್ಚದೆ ಅಡುಗೆಮನೆಗೆ ಬಂದಳು.

"ಅಮ್ಮ, ವಾರ್ಡಲ್ಲಿ ಒಬ್ಬರು ವಯಸ್ಸಾದ ನನ್ ಇದಾರೆ. ನನ್ನ ಹೆಸರು ಕೇಳಿದ್ರು, ಊರು ಕೇಳಿದ್ರು. ಆಮೇಲೆ ಕನ್ನಡದಲ್ಲಿ, 'ಸ್ವಲ್ಪ ನೀರು ಕೊಡಮ್ಮಾ' ಅಂದ್ರು! ನಂಗೆ ಕೈಯಲ್ಲಿದ್ದ ಪೆನ್ ಬಿದ್ದೋಯ್ತು. ಅಮ್ಮನಿಗೆ ಹೇಳ್ಲಾ ಅಂತ ಅವರನ್ನೇ ಕೇಳ್ದೆ. ಹೇಳು, ಬರೋಕೆ ಹೇಳು ಅಂದ್ರು. ಸಿಸ್ಟರ್ ಕೊಲಂಬಾ ಅಂತೆ."

ಅರವತ್ತು ವರ್ಷದ ಮೇಲೆ ಆ ಹೆಸರನ್ನು ಮಗಳ ಬಾಯಲ್ಲಿ ಕೇಳಿದಾಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಉಗುರು ನೋಡಿಕೊಂಡೆ, ಕ್ಲೀನಾಗಿದೆಯೋ ಇಲ್ಲವೋ ಎಂದು.

ಆಸ್ಪತ್ರೆಯಿಂದ ಅವರನ್ನು ಕ್ಯಾಸಲ್‌ನಾಕ್ ಕಡೆಯ ಒಂದು ವಿಶ್ರಾಂತಿಮನೆಗೆ ಕಳಿಸಿದರು. ವಯಸ್ಸಾದ ಸಿಸ್ಟರ್‌ಗಳೇ ಇರುವ ಜಾಗ. ಭಾನುವಾರಗಳಲ್ಲಿ ಮಾಲಿನಿ ನನ್ನನ್ನು ಅಲ್ಲಿ ಇಳಿಸಿ ಹೋಗುತ್ತಿದ್ದಳು. ಕಂಬ ಬಾಗಿಹೋಗಿತ್ತು. ಕಣ್ಣು ಪೂರ್ತಿ ಹೋಗಿತ್ತು, ಹೃದಯ ಸೋತಿತ್ತು, ಬುದ್ಧಿ ಮಾತ್ರ ಸೂಜಿಯ ಹಾಗೇ ಇತ್ತು. ಮರದ ಕುರ್ಚಿಯಲ್ಲಿ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಮೊದಲ ದಿನ ನನ್ನ ಕೈ ತಡವಿ ನೋಡಿ, "ಪ್ರಮೀಳಾ. ಸೆಕೆಂಡ್ ರೋ. ಗೊಣಗುವ ಹುಡುಗಿ" ಎಂದರು.

"ಸಿಸ್ಟರ್, ಗ್ಲೋರಿಯಾ ಕೈ ಬೆವರ್ತಿತ್ತು."

"ಅವಳು ನಿನ್ನ ಬಗ್ಗೆ ಕಂಪ್ಲೇಂಟ್ ಮಾಡ್ಲಿಲ್ಲ. ನಿನ್ನ ಉಗುರು ಚುಚ್ತಿದ್ರೂ."

ಆ ಭಾನುವಾರಗಳಲ್ಲಿ ಒಂದೊಂದಾಗಿ ತಿಳಿಯುತ್ತಾ ಹೋಯಿತು. ಅವರ ಕಾಲದ ನಿಯಮ ಹಾಗಿತ್ತು. ಮಿಷನ್ನಿಗೆಂದು ಹಡಗು ಹತ್ತಿದವರು ಮತ್ತೆ ಮನೆಗೆ ಹೋಗುವಂತಿರಲಿಲ್ಲ. ಅಪ್ಪ ಸತ್ತರೂ ಇಲ್ಲ, ಅಮ್ಮ ಸತ್ತರೂ ಇಲ್ಲ. ಹತ್ತೊಂಬತ್ತರ ಹುಡುಗಿ ಆ ಸಂದಿಯೊಳಗಿನ ಮನೆಯಿಂದ ಹೊರಟವಳು. ಕೆಲವು ವರ್ಷದ ನಂತರ ನಿಯಮ ಸಡಿಲವಾಯಿತು. ಅಷ್ಟರಲ್ಲಿ ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಯಾರಿಲ್ಲದ ಬಾಗಿಲು ತಟ್ಟಲು ಮನಸ್ಸಾಗಲಿಲ್ಲವಂತೆ. ಕೋಲಾರದಿಂದ ನೇರ ಐರ್ಲೆಂಡಿನ ಮದರ್‌ಹೌಸಿಗೆ, ಅವರ ಸಂಘದ ಮೂಲಮಠಕ್ಕೆ, ಬಂದರು, ಇಲ್ಲೇ ಉಳಿದರು.

"ಹಾಗಾದ್ರೆ ಶುಕ್ರವಾರ..." ಎಂದೆ.

"ನಿಯಮದಲ್ಲಿ ಸೀಮೆಸುಣ್ಣದ ವಿಷಯ ಏನೂ ಇರಲಿಲ್ಲ" ಎಂದರು ಸಿಸ್ಟರ್.

"ಒಂದು ಸಲ ನೀವು ಕ್ಲ್ಯಾಪರ್ ಬಡೀಲೇ ಇಲ್ಲ. ಹೂಟರ್ ಆಗೋವರೆಗೂ ನಿಂತಿದ್ವಿ."

"ಆ ವಾರ ಟೆಲಿಗ್ರಾಂ ಬಂದಿತ್ತು" ಎಂದರು. "ನನ್ನ ಮದರ್."

ಆವತ್ತು ನಾವು ನಕ್ಕಿದ್ದನ್ನು ನಾನು ಹೇಳಲಿಲ್ಲ. ಅವರಿಗೆ ಕೇಳಿಸಿತ್ತೆಂದು ಕಾಣುತ್ತದೆ. "ಮಕ್ಕಳು ನಗ್ತಿದ್ರು, ಅದೇ ಒಳ್ಳೇದಾಯ್ತು" ಎಂದರು.

ಚಳಿ ಕಳೆದು ಅಂಗಳದಲ್ಲಿ ಡ್ಯಾಫೊಡಿಲ್ ಅರಳಿದ ಒಂದು ಭಾನುವಾರ ಸಿಸ್ಟರ್ ವಿಷಯಕ್ಕೆ ಬಂದರು. ಡಾಕ್ಟರರು ಹೆಚ್ಚು ದಿನ ಇಲ್ಲವೆಂದಿದ್ದಾರೆ. ವಿಮಾನ ಹತ್ತುವ ಪ್ರಶ್ನೆಯೇ ಇಲ್ಲ. ಆದರೆ ಆ ಮನೆ ಇದೆಯೋ ಇಲ್ಲವೋ ತಿಳಿಯದೆ ಹೋಗಲು ಇಷ್ಟವಿಲ್ಲ.

ಆ ದಿನ ನಿಧಿ ನನ್ನ ಜೊತೆ ಇದ್ದಳು. ತಕ್ಷಣ ಫೋನ್ ತೆಗೆದಳು. "ಸಿಸ್ಟರ್, ಐ ಕ್ಯಾನ್ ಲುಕ್ ಇಟ್ ಅಪ್ ಫಾರ್ ಯೂ ನೌ."

"ಬೇಡ ಮಗು, ಫೋನು ಕಂಡದ್ದು ನಂಗೆ ಬೇಡ. ನಡೆದವರು ಕಂಡದ್ದು ಬೇಕು." ನನ್ನ ಕಡೆ ಮುಖ ತಿರುಗಿಸಿದರು. "ಪ್ರಮೀಳಾ, ನೀನು ಹೋಗ್ತೀಯಾ? ನಿಂಗೆ ದಾರಿ ಗೊತ್ತು."

ಪರ್ತ್‌ಗೆ ಹೋಗುತ್ತೇನೆಂದಾಗ ಅಳಿಯ ಗಾಬರಿಯಿಂದ, "ಅತ್ತೆ, ಆಸ್ಟ್ರೇಲಿಯಾಗಾ? ಒಬ್ರೇ?" ಎಂದ. ಅವನ ತಪ್ಪಲ್ಲ. ಆ ಹೆಸರಿನ ದೊಡ್ಡ ಊರು ಅಲ್ಲಿದೆ. ಎಡಿನ್‌ಬರೊವರೆಗೆ ಗಂಟೆಯ ವಿಮಾನ, ಅಲ್ಲಿಂದ ರೈಲು ಎಂದು ತಿಳಿದ ಮೇಲೆ ಸುಮ್ಮನಾದ. ಸ್ಕೂಲಿಗೆ ರಜೆ ಇದ್ದದ್ದರಿಂದ ನಿಧಿ ಜೊತೆಗೆ ಹೊರಟಳು. ಅವಳೇ ಆನ್‌ಲೈನಿನಲ್ಲಿ ಒಂದು ಗೈಡೆಡ್ ವಾಕಿಂಗ್ ಟೂರ್ ಬುಕ್ ಮಾಡಿದಳು. ನನಗೆ ದಾರಿ ಗೊತ್ತಿದೆಯೆಂದರೆ ಕೇಳಲಿಲ್ಲ. "ಶೂರ್, ಇಟ್ಸ್ ಜಸ್ಟ್ ಇನ್ ಕೇಸ್, ಅಜ್ಜಿ."

ಗೈಡ್ ಮೋರಾಗ್ ಎಂಬ ಹೆಂಗಸು, ಬಸ್ ಓಡಿಸಿ ರಿಟೈರ್ ಆದವಳು. ಕೈಯಲ್ಲೊಂದು ಕೆಂಪು ಛತ್ರಿ. ನಾವೆಲ್ಲ ಸೇತುವೆಯ ಹತ್ತಿರ ಸೇರಿದ್ದೆವು. ಅವಳು ಛತ್ರಿಯ ತುದಿಯಿಂದ ಕಲ್ಲುಹಾಸನ್ನು ಕುಟ್ಟಿದಳು, ಟಕ್. ನೀವು ನಗುತ್ತೀರಿ, ನಗಿ. ನನ್ನ ಕಾಲು ತಾನಾಗಿ ಜೋಡಿಸಿಕೊಂಡಿತು, ಬೆನ್ನು ನೆಟ್ಟಗಾಯಿತು, ಕೈ ಪಕ್ಕಕ್ಕೆ ಚಾಚಿ ಸಿಕ್ಕಿದ ಕೈಯನ್ನು ಹಿಡಿದುಕೊಂಡಿತು. ಅದು ಜರ್ಮನಿಯಿಂದ ಬಂದಿದ್ದ ಒಬ್ಬ ಯಜಮಾನರ ಕೈ. ಅವರು ಪಾಪ, ಮುದುಕಿಗೆ ಆಧಾರ ಬೇಕೆಂದುಕೊಂಡು ಬಿಡಿಸಿಕೊಳ್ಳಲೂ ಇಲ್ಲ. ಅವರ ಹೆಂಡತಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಿಧಿ ನನ್ನನ್ನು ಎಳೆದು ಬೇರೆ ಮಾಡಿದಳು.

ಸೇತುವೆಯ ಕಲ್ಲಿನಲ್ಲಿ ನೆರೆಯ ಗೀಟುಗಳಿದ್ದವು, ಸಿಸ್ಟರ್ ಹೇಳಿದ ಹಾಗೇ. ಮುಟ್ಟಿ ನೋಡಿದೆ. ಮೋರಾಗ್ ಅದನ್ನು ವಿವರಿಸುವ ಮೊದಲೇ ನಾನು ಜರ್ಮನ್ ದಂಪತಿಗೆ ವಿವರಿಸಿ ಮುಗಿಸಿದ್ದೆ.

"ಮೊದಲೇ ಬಂದಿದ್ರಾ ಇಲ್ಲಿಗೆ?" ಮೋರಾಗ್ ಕೇಳಿದಳು.

"ಹೌದು. ಪ್ರತಿ ಶುಕ್ರವಾರ."

ಅಲ್ಲಿಂದ ಮುಂದೆ ನನ್ನ ಜಂಬ ಇಳಿಯಿತು. ಸೇತುವೆಗೆ ಬೆನ್ನು ಮಾಡಿ ದಡದ ಗುಂಟ ಹೊರಟರೆ ನದಿ ನನ್ನ ಎಡಗಡೆಗೆ ಇತ್ತು. ನನಗೆ ಗೊತ್ತಿದ್ದ ಪರ್ತ್‌ನಲ್ಲಿ ಅದು ಬಲಗಡೆಗೆ ಇರಬೇಕು! ಹೈ ಸ್ಟ್ರೀಟಿಗೆ ಎಡಕ್ಕೆ ತಿರುಗಬೇಕೆಂದು ನಾನು ಹೊರಟರೆ ಎದುರಿಗೆ ದಡದ ಮೋಟುಗೋಡೆ, ಅದರಾಚೆ ನೀರು. ಎಲ್ಲರೂ ಬಲಕ್ಕೆ ತಿರುಗಿ ಹೋಗಿದ್ದರು.

"ವೇರ್ ಆರ್ ಯೂ ಗೋಯಿಂಗ್, ಅಜ್ಜಿ? ಯೂಲ್ ಬಿ ಇನ್ ದಿ ರಿವರ್!"

ಗೋಡೆಗೆ ಕೈಯೂರಿ ನಿಂತು ಯೋಚಿಸಿದೆ. ಸಿಸ್ಟರ್ ನಮ್ಮ ಕಡೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತಿದ್ದರಲ್ಲವೇ? ಅವರು ಎಡಗೈ ಚಾಚಿ ಇಲ್ಲಿ ನದಿ ಎಂದರೆ ಅದು ನಮ್ಮ ಬಲಗಡೆ. ಗೆರೆಯನ್ನು ಎಳೆಯುತ್ತಿದ್ದದ್ದೂ ಆ ಕಡೆಗೇ. ಕಣ್ಣು ಅರ್ಧ ಮುಚ್ಚಿಕೊಂಡು ಅವರು ತಮ್ಮ ಊರಿನಲ್ಲಿ ಸರಿಯಾಗಿಯೇ ನಡೆಯುತ್ತಿದ್ದರು. ಅವರ ಎದುರಿಗಿದ್ದ ನಾವು ಕನ್ನಡಿಯೊಳಗಿನ ಪರ್ತ್‌ನಲ್ಲಿ ನಡೆದು ಬೆಳೆದೆವು. ಕೋಲಾರದ ಅದೆಷ್ಟು ಬ್ಯಾಚಿನ ಹುಡುಗಿಯರ ತಲೆಯಲ್ಲಿ ಆ ನದಿ ಇವತ್ತಿಗೂ ತಪ್ಪು ಕಡೆಗೆ ಹರಿಯುತ್ತಿದೆಯೋ!

ಆಮೇಲೆ ಮನಸ್ಸು ಎಡ ಎಂದಲ್ಲಿ ಬಲಕ್ಕೆ ಹೋದೆ, ಬಲ ಎಂದಲ್ಲಿ ಎಡಕ್ಕೆ ಹೋದೆ. ಎಲ್ಲವೂ ಸಿಕ್ಕಿತು. ಮೀನಿನಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನಿದ್ದ. ಆದರೂ ಮೂಗು ಮುಚ್ಚಿಕೊಂಡೆ. ನಿಧಿ ಏಕೆಂದು ಕೇಳಿದಳು, ಹೇಳಿದೆ, ಅವಳೂ ಮುಚ್ಚಿಕೊಂಡಳು. ವಾಟರ್‌ಗೇಟ್ ಬೀದಿಯ ನಡುವೆ ಸಂದಿಯ ಬಾಯಿ ಬಂತು. ಮೋರಾಗ್ ಅದರ ಕಡೆ ನೋಡಲೂ ಇಲ್ಲ, ಟೂರಿನವರನ್ನು ಕರೆದುಕೊಂಡು ಹಳೆಯ ಚರ್ಚಿನ ಕಡೆಗೆ ಹೊರಟುಹೋದಳು.

ನಾನು ನಿಂತೆ. ಮೊಣಕಾಲು ನೋವೆಂದು ನಿಧಿಗೆ ಹೇಳಿದೆ. ನಿಜವೆಂದರೆ ಕಾಲು ಎರಡು ಟಕ್‌ಗಾಗಿ ಕಾಯುತ್ತಿತ್ತು. ಅದಕ್ಕಿಂತ ಮುಂದೆ ನಾನು ಯಾವತ್ತೂ ಹೋದವಳಲ್ಲ.

"ಕಮಾನ್, ಅಜ್ಜಿ. ಯೂ'ರ್ ಗ್ರ್ಯಾಂಡ್" ಎಂದು ಡಬ್ಲಿನ್ ಮಕ್ಕಳ ಹಾಗೆ ಧೈರ್ಯ ಹೇಳಿ ನಿಧಿ ಕೈ ಹಿಡಿದಳು. ಅವಳ ಅಂಗೈ ಬೆವರಿತ್ತು.

ಒಳಗೆ ಹೋದೆವು. ಮನೆ ಇರಲಿಲ್ಲ. ಅದರ ಎದುರಿಗೂ ಯಾವ ಕಟ್ಟಡ ಇರಲಿಲ್ಲ. ಸೈಕಲ್ ನಿಲ್ಲಿಸುವ ಕಬ್ಬಿಣದ ಕಂಬಿಗಳು, ಒಂದು ಬೆಂಚು, ಕುಂಡದಲ್ಲಿ ಯಾರೋ ನೆಟ್ಟ ಹೂವು. ಆಮೇಲೆ ಮೋರಾಗ್‌ಳನ್ನು ಕೇಳಿದರೆ, ಅಲ್ಲಿಯ ಹಳೇ ಮನೆಗಳನ್ನೆಲ್ಲ ಅವಳು ಚಿಕ್ಕವಳಿದ್ದಾಗಲೇ ಕೆಡವಿದ್ದರೆಂದಳು. ನಾನು ಬೆಂಚಿನ ಮೇಲೆ ಕೂತೆ. ನಿಧಿ ಫೋಟೋ ತೆಗೆಯಲು ಹೋದವಳು, ಏಕೋ ಫೋನನ್ನು ಜೇಬಿಗೆ ಹಾಕಿಕೊಂಡಳು.

ಲೂಕನ್‌ಗೆ ವಾಪಸಾದ ರಾತ್ರಿ ಊಟದ ಮೇಜಿನಲ್ಲಿ ಇದೇ ಮಾತು.

"ಇದೆ ಅಂತ ಹೇಳ್ಬಿಡಮ್ಮ" ಎಂದಳು ಮಾಲಿನಿ. "ಹಾರ್ಟ್ ಎಷ್ಟು ವೀಕಾಗಿದೆ ಗೊತ್ತಾ? ಕಣ್ಣೂ ಕಾಣಲ್ಲ. ಯಾರಿಗೇನು ನಷ್ಟ? ನೆಮ್ಮದಿಯಾಗಿ ಹೋಗ್ತಾರೆ."

"ಬಟ್ ಶೀ ಆಸ್ಕ್ಡ್" ಎಂದಳು ನಿಧಿ, ತಟ್ಟೆಯಿಂದ ತಲೆ ಎತ್ತದೆ.

ಮಗಳು ಹೇಳಿದ್ದು ಡಾಕ್ಟರ್ ಹೇಳುವ ಮಾತು, ತಪ್ಪೆನ್ನಲಾರೆ. ಆದರೆ ಸುಳ್ಳು ಹೇಳಬಾರದೆಂದು ಶುಕ್ರವಾರ ಶುಕ್ರವಾರ ಹೇಳಿಕೊಟ್ಟವರ ಎದುರಿಗೇ ಕೂತು, ಅವರ ಮನೆಯ ಬಗ್ಗೆಯೇ ಸುಳ್ಳು ಹೇಳುವುದು ಹೇಗೆ? ಹಾಗೆಂದು ಸಾಯುವವರ ಕೈಯಿಂದ ಮನೆಯನ್ನು ಕಿತ್ತುಕೊಳ್ಳುವುದು ಹೇಗೆ? ಭಾನುವಾರದವರೆಗೂ ನನಗೆ ಊಟ ರುಚಿಸಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಸಂದಿಯ ಬಾಯಿಯವರೆಗೆ ಅವರನ್ನು ನಡೆಸುತ್ತೇನೆ. ಅಭ್ಯಾಸಬಲದಿಂದ ಅವರೇ ಅಲ್ಲಿ ನಿಲ್ಲಿಸಿಬಿಡುತ್ತಾರೆ. ಅಲ್ಲಿಗೆ ಮುಗಿಯುತ್ತದೆ.

ಭಾನುವಾರ ಸಿಸ್ಟರ್ ಕಿಟಕಿಯ ಹತ್ತಿರ ಅದೇ ಕುರ್ಚಿಯಲ್ಲಿದ್ದರು. ಇನ್ನೂ ಕುಗ್ಗಿದ್ದರು. ಮಂಡಿಯ ಮೇಲೆ ಕಂಬಳಿ, ಬೆರಳಿನಲ್ಲಿ ಅವರ ಬೆಳ್ಳಿಯ ಉಂಗುರ ಸಡಿಲವಾಗಿ ಓಲಾಡುತ್ತಿತ್ತು.

"ಲೈನಲ್ಲಿ ಇದ್ದೀಯಾ?" ಎಂದರು.

"ಇದ್ದೀನಿ, ಸಿಸ್ಟರ್."

"ಹಾಗಾದ್ರೆ ನಡೆಸು."

ಅವರು ಕಣ್ಣು ಮುಚ್ಚಿಕೊಂಡರು. ನಾನು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು, ಅವರ ಮುಖವಿದ್ದ ಕಡೆಗೇ ಮುಖ ಮಾಡಿ ಕೂತೆ. ಎದುರಿಗೆ ಕೂತರೆ ಮತ್ತೆ ತಪ್ಪುತ್ತಿತ್ತು. ಸೇತುವೆಯಿಂದ ಶುರುಮಾಡಿದೆ. ಗೀಟುಗಳಿವೆ ಸಿಸ್ಟರ್, ಮುಟ್ಟಿದೆ, ಕಲ್ಲು ತಣ್ಣಗಿತ್ತು. ದಡಕ್ಕೆ ಈಗ ಮೋಟುಗೋಡೆ ಕಟ್ಟಿದ್ದಾರೆ, ನೀರು ಊರೊಳಗೆ ಬರದ ಹಾಗೆ. ಈಗ ನದಿ ನಮ್ಮ ಬಲ...

"ಎಡ" ಎಂದರು ಸಿಸ್ಟರ್.

ಆಗ ನಮ್ಮ ಕನ್ನಡಿಯ ಕಥೆ ಹೇಳಬೇಕಾಯಿತು. ಅವರು ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು, ನರ್ಸ್ ಬಾಗಿಲಲ್ಲಿ ಇಣುಕಿದಳು. "ಓ, ಯೂ ಪೂರ್ ಚಿಲ್ಡ್ರನ್" ಎಂದರು, ಕಣ್ಣೊರೆಸಿಕೊಂಡು. "ಇಷ್ಟು ವರ್ಷ ನನ್ನ ನದೀನ ತಪ್ಪು ಕಡೆ ಹೊತ್ಕೊಂಡು ತಿರುಗಿದ್ರಾ?"

ಮುಂದೆ ನಡೆದೆವು. ಮೀನಿನಂಗಡಿ ಇಲ್ಲವೆಂದೆ; ಪರವಾಗಿಲ್ಲ, ಅವನು ತೂಕದಲ್ಲಿ ಮೋಸ ಮಾಡುತ್ತಿದ್ದ ಎಂದರು. ವಾಟರ್‌ಗೇಟ್ ಬೀದಿ. ಸಂದಿಯ ಬಾಯಿ.

ನಾನು ನಿಂತೆ. ಟಕ್ ಟಕ್‌ಗಾಗಿ ಕಾದೆ. ಅವರ ಕೈ ಕುರ್ಚಿಯ ಮರದ ಮೇಲೆ ಹಾಗೇ ಇತ್ತು. ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ನಡೆಸುತ್ತಿದ್ದರು, ಅದೂ ನಿಂತಿತು. ಸದ್ದು ಬರಲಿಲ್ಲ.

"ಯಾಕೆ ನಿಂತೆ?" ಎಂದರು ಸಿಸ್ಟರ್. "ಒಳಗೆ ಹೋಗಮ್ಮಾ."

ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಅವರ ಕೈ ಹಿಡಿದುಕೊಂಡೆ.

"ಮನೆ ಇಲ್ಲ, ಸಿಸ್ಟರ್."

ಅವರ ಕೈ ಅಲುಗಲಿಲ್ಲ. ನನ್ನದು ಬೆವರುತ್ತಿತ್ತು.

"ಏನಿದೆ?"

"ಸೈಕಲ್ ನಿಲ್ಲಿಸೋ ಜಾಗ. ಒಂದು ಬೆಂಚು. ಕೂತ್ಕೊಂಡೆ."

"ಕೂತ್ರೆ ಏನು ಕಾಣುತ್ತೆ?"

"ನದಿ. ಎದುರಿಗೆ ಏನೂ ಅಡ್ಡ ಇಲ್ಲ. ಪೂರ್ತಿ ಕಾಣುತ್ತೆ, ಬಿಸಿಲು ಬಿದ್ದಿತ್ತು. ಎರಡು ಬಾತುಕೋಳಿ ಇದ್ವು."

ಸಿಸ್ಟರ್ ತಲೆಯನ್ನು ಕುರ್ಚಿಗೆ ಒರಗಿಸಿದರು. ನಿದ್ದೆ ಹೋದರೇನೋ ಎಂದುಕೊಂಡೆ. ಆಮೇಲೆ ಮೆಲ್ಲಗೆ, ನನಗಲ್ಲವೇನೋ ಎಂಬಂತೆ ಹೇಳಿದರು: "ಕಿಟಕಿಗೆ ಎದುರಾಗಿ ಗೋಡೌನಿನ ಗೋಡೆ ಇತ್ತು. ಅಮ್ಮ ಪಾತ್ರೆ ತೊಳೆಯುವಾಗೆಲ್ಲ ಅದನ್ನ ಬೈಯೋಳು. ನದಿ ಪಕ್ಕದಲ್ಲೇ ಇದ್ದು ಒಂದು ದಿನವೂ ನದಿ ಕಾಣಲಿಲ್ಲ, ಈ ಗೋಡೆ ಬಿದ್ದುಹೋಗಬಾರ್ದಾ ಅಂತ."

ಅವರು ನನ್ನ ಕೈಯನ್ನು ಬಿಟ್ಟರು. ಬೆರಳು ಮಡಚಿ, ಬೆಳ್ಳಿಯ ಉಂಗುರದಿಂದ ಕುರ್ಚಿಯ ಮರದ ಮೇಲೆ ಬಡಿದರು. ಟಕ್, ಟಕ್.

ನಾನು ಎದ್ದೆ. ಹಿಂದಕ್ಕೆ ತಿರುಗಿ ಬಾಗಿಲವರೆಗೂ ನಡೆದೆ. ಲೈನಿನಲ್ಲಿ ತಿರುಗಿ ನೋಡಬಾರದು, ಅದೂ ನಿಯಮವೇ. ನಾನು ನೋಡಿದೆ. ಮರುವಾರ ಹೋಗುವಷ್ಟರಲ್ಲಿ ಆ ಕುರ್ಚಿ ಖಾಲಿಯಾಗಿತ್ತು, ಹೀಗಾಗಿ ನಾನು ಅವರನ್ನು ಕೊನೆಯ ಸಲ ಕಂಡದ್ದು ಹಾಗೆ, ಬಾಗಿಲಲ್ಲಿ ನಿಂತು. ಸಿಸ್ಟರ್ ಕಣ್ಣು ಮುಚ್ಚಿಯೇ ಇದ್ದರು. ಕಿಟಕಿ ಇದ್ದದ್ದು ಅವರ ಬಲಕ್ಕೆ, ಬೆಳಕು ಬರುತ್ತಿದ್ದದ್ದೂ ಆ ಕಡೆಯಿಂದಲೇ. ಅವರ ಮುಖ ಮಾತ್ರ ಎಡಕ್ಕೆ ತಿರುಗಿತ್ತು.